ಬಿಡುವಿನ ವೇಳೆ ಮತ್ತು ಹವ್ಯಾಸ

ಹುಟ್ಟಿದ ಪ್ರತಿಯೊಬ್ಬ ಮನುಷ್ಯನಿಗೂ ದಿನವೊಂದಕ್ಕೆ ದೊರೆಯುವುದು ಇಪ್ಪತ್ತನಾಲ್ಕು ಗಂಟೆಗಳು ಮಾತ್ರ. ಅರಸನಿಗೆ ಒಂದು ಗಳಿಗೆ ಹೆಚ್ಚಿಲ್ಲ, ಆಳಿಗೆ ಒಂದು ಗಳಿಗೆ ಕಡಿಮೆಯಿಲ್ಲ. ಈ ಇಪ್ಪತ್ತನಾಲ್ಕು ಗಂಟೆಗಳಲ್ಲಿ ನಿದ್ರೆ, ಆಹಾರ, ಸ್ನಾನಗಳಿಗೆ ಒಂದು ಪಾಲು ಹೋಗುತ್ತದೆ. ಜೀವನೋಪಾಯದ ದುಡಿಮೆಗೆ ಅಥವಾ ವಿದ್ಯಾಭ್ಯಾಸಕ್ಕೆ ಮತ್ತೊಂದು ಪಾಲು ಹೋಗುತ್ತದೆ. ಇವೆರಡೂ ಕಳೆದು ಉಳಿಯುವ ಅಲ್ಪ ಸಮಯವೇ ಬಿಡುವಿನ ವೇಳೆ. ಮೊದಲೆರಡು ಪಾಲುಗಳಲ್ಲಿ ಮನುಷ್ಯನು ದೇಹಧರ್ಮಕ್ಕೂ ಕರ್ತವ್ಯಕ್ಕೂ ಅಧೀನನು. ಮೂರನೆಯ ಪಾಲಿನಲ್ಲಿ ಮಾತ್ರ ಅವನು ತನ್ನ ಇಚ್ಛೆಯಂತೆ ನಡೆಯಬಲ್ಲನು. ಆದುದರಿಂದ ಒಬ್ಬ ವ್ಯಕ್ತಿಯ ನಿಜವಾದ ಒಲವು ಯಾವುದೆಂಬುದನ್ನು ತಿಳಿಯಬೇಕಾದರೆ ಅವನು ಬಿಡುವಿನಲ್ಲಿ ಏನು ಮಾಡುತ್ತಾನೆಂಬುದನ್ನು ನೋಡಬೇಕು.

ಬಿಡುವಿನ ವೇಳೆಯಲ್ಲಿ ಯಾರ ಬಲವಂತವೂ ಇಲ್ಲದೆ, ಹಣದ ಆಸೆಯೂ ಇಲ್ಲದೆ, ಸಂತೋಷಕ್ಕಾಗಿ ಎಡೆಬಿಡದೆ ಮಾಡುತ್ತ ಬರುವ ಕೆಲಸಕ್ಕೆ ಹವ್ಯಾಸವೆಂದು ಹೆಸರು. ಈ ಶಬ್ದವು ‘ಅಭ್ಯಾಸ’ ಎಂಬ ಶಬ್ದಕ್ಕೆ ಹತ್ತಿರದ್ದು. ನೆರೆಯ ಮರಾಠಿಯಲ್ಲಿ ಇದೇ ಶಬ್ದವು ಅತಿಯಾಸೆ, ದುರಾಸೆ ಎಂಬ ಅರ್ಥದಲ್ಲಿ ಬಳಕೆಯಲ್ಲಿದೆ. ಒಂದೇ ಶಬ್ದವು ಒಂದು ಭಾಷೆಯಲ್ಲಿ ಒಳ್ಳೆಯ ಅಭ್ಯಾಸವನ್ನೂ ಇನ್ನೊಂದರಲ್ಲಿ ಮಿತಿಮೀರಿದ ಆಸೆಯನ್ನೂ ಸೂಚಿಸುವುದು ವಿಚಾರಯೋಗ್ಯವಾಗಿದೆ. ಒಲವು ಹದದಲ್ಲಿದ್ದರೆ ಹವ್ಯಾಸ. ಹದ ತಪ್ಪಿದರೆ ವ್ಯಸನ. ಈ ಎರಡರ ನಡುವಣ ಗೆರೆಯನ್ನು ಗುರುತಿಸುವುದೇ ಈ ವಿಷಯದ ಅಧ್ಯಯನದ ಮುಖ್ಯ ಪ್ರಯೋಜನ.

ಬಿಡುವು ಮತ್ತು ನಿರುದ್ಯೋಗ

ಕೆಲಸವಿಲ್ಲದೆ ಕುಳಿತಿರುವುದೆಲ್ಲ ಬಿಡುವಲ್ಲ. ಚಿತ್ರದುರ್ಗ ಜಿಲ್ಲೆಯು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದು. ಮಳೆ ಕೈಕೊಟ್ಟ ವರ್ಷ ಹೊಲದಲ್ಲಿ ಕೆಲಸವಿಲ್ಲದೆ ಜಗಲಿಯ ಮೇಲೆ ಕುಳಿತ ರೈತನಿಗೆ ಸಮಯವೇನೋ ಬೇಕಾದಷ್ಟಿರುತ್ತದೆ. ಆದರೆ ಮನಸ್ಸಿಗೆ ನೆಮ್ಮದಿಯಿರುವುದಿಲ್ಲ. ಅದನ್ನು ಬಿಡುವೆಂದು ಕರೆಯುವುದು ಅನ್ಯಾಯ. ದುಡಿಮೆಯಿದ್ದು, ಆ ದುಡಿಮೆ ಮುಗಿದ ಮೇಲೆ ದೊರೆಯುವ ವಿರಾಮವೇ ನಿಜವಾದ ಬಿಡುವು.

ಇಂತಹ ವಿರಾಮವು ದುಡಿಯುವ ಜನಕ್ಕೆ ಸುಲಭವಾಗಿ ದೊರೆತುದಲ್ಲ. ಪಶ್ಚಿಮದ ಕಾರ್ಖಾನೆಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಾರ್ಮಿಕರು ದಿನಕ್ಕೆ ಹನ್ನೆರಡು, ಹದಿನಾಲ್ಕು ಗಂಟೆಗಳ ಕಾಲ ದುಡಿಯುತ್ತಿದ್ದರು. ದೀರ್ಘ ಹೋರಾಟದ ಫಲವಾಗಿ 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಗಳ ದುಡಿಮೆಯ ಒಡಂಬಡಿಕೆಯನ್ನು ಅಂಗೀಕರಿಸಿತು. 1948ರಲ್ಲಿ ವಿಶ್ವಸಂಸ್ಥೆಯು ಹೊರಡಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯು ವಿಶ್ರಾಂತಿ ಮತ್ತು ವಿರಾಮವನ್ನು ಪ್ರತಿಯೊಬ್ಬರ ಹಕ್ಕೆಂದು ಸಾರಿತು. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಆಟವಾಡುವುದು ಮಗುವಿನ ಹಕ್ಕೆಂದು ಹೇಳಿತು. ಭಾರತವು 1992ರಲ್ಲಿ ಅದನ್ನು ಒಪ್ಪಿಕೊಂಡಿತು. ಇಷ್ಟು ಕಷ್ಟಪಟ್ಟು ಪಡೆದ ವಸ್ತುವನ್ನು ಮನುಷ್ಯನು ಹೇಗೆ ಬಳಸುತ್ತಿದ್ದಾನೆಂಬುದು ಕೇಳಬೇಕಾದ ಪ್ರಶ್ನೆಯೇ ಆಗಿದೆ.

ಅರಸರ ವಿನೋದಗಳು

ಕಾಲವನ್ನು ಸಂತೋಷದಿಂದ ಕಳೆಯುವ ವಿದ್ಯೆ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ತಲಾ ಇಪ್ಪತ್ತು ಅಧ್ಯಾಯಗಳ ಐದು ಭಾಗಗಳಾಗಿ, ಒಟ್ಟು ನೂರು ಅಧ್ಯಾಯಗಳಲ್ಲಿ ಹರಡಿಕೊಂಡಿರುವ ಈ ಗ್ರಂಥದ ಕೊನೆಯ ಎರಡು ಭಾಗಗಳು ವಿನೋದಗಳಿಗೂ ಕ್ರೀಡೆಗಳಿಗೂ ಮೀಸಲಾಗಿವೆ. ಆನೆಯ ವಿನೋದ, ಮಲ್ಲಯುದ್ಧ, ಕೋಳಿಯ ಜೂಜು, ಮೀನು ಹಿಡಿಯುವ ವಿನೋದ, ಸಂಗೀತ, ನೃತ್ಯ, ಕಥೆ, ವನಕ್ರೀಡೆ, ಜಲಕ್ರೀಡೆ, ಪಗಡೆ, ಕವಡೆಯಾಟ ಮುಂತಾದವುಗಳ ವಿವರಣೆ ಅಲ್ಲಿದೆ.

ಈ ಪರಂಪರೆ ಮುಂದೆಯೂ ನಡೆಯಿತು. ಕೆಳದಿಯ ವೀರಶೈವ ದೊರೆ ಬಸವಪ್ಪನಾಯಕನು 1709ರಲ್ಲಿ ಪೂರೈಸಿದ ‘ಶಿವತತ್ತ್ವರತ್ನಾಕರ’ವು ಅನೇಕ ವಿದ್ಯೆಗಳನ್ನೂ ಕಲೆಗಳನ್ನೂ ಒಂದೆಡೆ ಕೂಡಿಸಿದ ವಿಶ್ವಕೋಶ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಎಂಬ ಭಾಗವನ್ನು ಮಣೆಯಾಟಗಳಿಗೂ ಗಂಜೀಫಾ ಎಲೆಗಳ ಆಟಗಳಿಗೂ ಮೀಸಲಿಟ್ಟರು. ಚದುರಂಗದ ಕುದುರೆಯು ಅರುವತ್ತನಾಲ್ಕು ಮನೆಗಳನ್ನೂ ಒಂದೊಂದು ಬಾರಿ ಮಾತ್ರ ಮೆಟ್ಟಿ ಸುತ್ತಿಬರುವ ಕಠಿಣ ಸಮಸ್ಯೆಯನ್ನು ಅವರು ಬಿಡಿಸಿದ್ದು ಗಣಿತಜ್ಞರ ಮೆಚ್ಚುಗೆಯನ್ನು ಪಡೆದಿದೆ.

ಈ ಗ್ರಂಥಗಳಲ್ಲಿ ವರ್ಣಿತವಾದ ವಿನೋದಗಳಲ್ಲಿ ಬಹುಪಾಲು ಐಶ್ವರ್ಯವಂತರಿಗೆ ಮಾತ್ರ ಸಾಧ್ಯವಾದವು. ಆನೆಯನ್ನು ಸಾಕುವ ಮಾವುತನಿಗೆ, ಕ್ರೀಡಾವನಕ್ಕೆ ನೀರೆರೆಯುವ ಆಳಿಗೆ ಬಿಡುವಿತ್ತೇ, ಇದ್ದರೆ ಅವರು ಅದನ್ನು ಹೇಗೆ ಕಳೆಯುತ್ತಿದ್ದರು ಎಂಬ ಪ್ರಶ್ನೆಗೆ ಉತ್ತರವನ್ನು ಬೇರೆಡೆಯಲ್ಲಿ ಹುಡುಕಬೇಕು.

ಶರಣರ ಬಿಡುವು

ಆ ಉತ್ತರವು ಅದೇ ಕಲ್ಯಾಣದಲ್ಲಿಯೇ ಕೆಲವು ದಶಕಗಳ ಬಳಿಕ ದೊರೆಯಿತು. ಬಸವಾದಿ ಶರಣರು ಕಾಯಕ ಮತ್ತು ದಾಸೋಹಗಳನ್ನು ಬಾಳಿನ ಎರಡು ಕಣ್ಣುಗಳೆಂದು ಬಗೆದರು. ಅವರಲ್ಲಿ ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯನಿದ್ದನು, ದೋಣಿ ನಡೆಸುವ ಅಂಬಿಗರ ಚೌಡಯ್ಯನಿದ್ದನು, ಬಿದಿರ ಕೆಲಸದ ಮೇದಾರ ಕೇತಯ್ಯನಿದ್ದನು, ಹಗ್ಗ ಹೊಸೆಯುವ ನುಲಿಯ ಚಂದಯ್ಯನಿದ್ದನು, ಕಸ ಗುಡಿಸುವ ಕಾಯಕದ ಸತ್ಯಕ್ಕನಿದ್ದಳು. ನುಲಿಯ ಚಂದಯ್ಯನ ಗದ್ದುಗೆಯು ಹೊಳಲ್ಕೆರೆ ತಾಲ್ಲೂಕಿನ ನುಲೇನೂರಿನಲ್ಲಿದೆಯೆಂಬುದು ಈ ಸೀಮೆಯ ಜನರ ನಂಬಿಕೆ.

ಇವರಾರೂ ಕಾವ್ಯರಚನೆಯನ್ನು ವೃತ್ತಿಯಾಗಿ ಕೈಗೊಂಡವರಲ್ಲ. ಅರಮನೆಯ ಆಶ್ರಯ ಪಡೆದವರೂ ಅಲ್ಲ. ಹಗಲೆಲ್ಲ ದುಡಿದು, ಉಳಿದ ವೇಳೆಯಲ್ಲಿ ಒಂದೆಡೆ ಕುಳಿತು, ಅನುಭವದ ಮಾತುಗಳನ್ನು ಪರಸ್ಪರ ಹಂಚಿಕೊಂಡವರು. ಅವರ ವಚನಗಳಲ್ಲಿ ದೋಣಿ, ಹಗ್ಗ, ಬಿದಿರು, ಮಡಿಬಟ್ಟೆಗಳು ಹೋಲಿಕೆಗಳಾಗಿ ಬರುವುದು ಸಹಜವೇ ಆಗಿದೆ. ಕನ್ನಡ ಸಾಹಿತ್ಯದ ಶ್ರೇಷ್ಠ ಸಂಪತ್ತಿನ ಒಂದು ದೊಡ್ಡ ಭಾಗವು ದುಡಿಯುವ ಜನರ ಬಿಡುವಿನ ವೇಳೆಯ ಫಲವೆಂದರೆ ಅತಿಶಯೋಕ್ತಿಯಾಗದು. ಅವರು ಕಾಯಕವನ್ನು ಬಿಟ್ಟು ಅನುಭವಕ್ಕೆ ಬರಲಿಲ್ಲ. ಅನುಭವದ ನೆಪದಲ್ಲಿ ಕಾಯಕವನ್ನು ಕಡೆಗಣಿಸಲಿಲ್ಲ. ಹವ್ಯಾಸವು ಕರ್ತವ್ಯದ ಶತ್ರುವಲ್ಲ, ಅದರ ಸಂಗಾತಿ ಎಂಬ ಪಾಠವು ಇಲ್ಲಿ ದೊರೆಯುತ್ತದೆ.

ಮಣೆಯಾಟಗಳು

ಹಳ್ಳಿಯ ಜನರು ಖರ್ಚಿಲ್ಲದೆ ಸಂತೋಷಪಡುವ ದಾರಿಗಳನ್ನು ಬಹು ಹಿಂದಿನಿಂದಲೂ ಕಂಡುಕೊಂಡಿದ್ದಾರೆ. ಲಗೋರಿ, ಬುಗುರಿ, ಗೋಲಿ, ಚಿಣ್ಣಿದಾಂಡು, ಕುಂಟೆಬಿಲ್ಲೆ, ಕಬಡ್ಡಿಗಳು ಬಯಲಿನ ಆಟಗಳಾದರೆ, ಚೌಕಾಬಾರ, ಅಳಗುಳಿಮಣೆ, ಹುಲಿಕುರಿಗಳು ನೆರಳಿನಲ್ಲಿ ಕುಳಿತು ಆಡುವ ಆಟಗಳು. ದೇವಸ್ಥಾನಗಳ ಕಲ್ಲುಹಾಸಿನ ಮೇಲೆ, ಊರ ಮುಂದಣ ಕಟ್ಟೆಗಳ ಮೇಲೆ ಇಂತಹ ಆಟದ ಮನೆಗಳನ್ನು ಕೊರೆದಿರುವುದನ್ನು ನಾಡಿನ ಅನೇಕ ಕಡೆ ಕಾಣಬಹುದು.

ಅಳಗುಳಿಮಣೆಯಲ್ಲಿ ಏಳೇಳು ಗುಳಿಗಳ ಎರಡು ಸಾಲುಗಳಿರುತ್ತವೆ. ಪ್ರತಿ ಗುಳಿಯಲ್ಲಿಯೂ ನಾಲ್ಕು ಅಥವಾ ಐದು ಹುಣಸೆಬೀಜಗಳನ್ನೋ ಗುಲಗಂಜಿಗಳನ್ನೋ ಹಾಕಿ, ಒಂದು ಗುಳಿಯ ಕಾಳುಗಳನ್ನು ತೆಗೆದು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತ ಹೋಗುತ್ತಾರೆ. ಕೈಯ ಕಾಳು ಮುಗಿದಾಗ ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯ ಕಾಳುಗಳು ಆಟಗಾರನ ಪಾಲಾಗುತ್ತವೆ. ಎಲ್ಲಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆಂಬುದನ್ನು ಮನಸ್ಸಿನಲ್ಲಿಯೇ ಎಣಿಸಬೇಕಾಗುವುದರಿಂದ ಇದು ಮಕ್ಕಳಿಗೆ ಬಾಯಿಲೆಕ್ಕದ ಒಳ್ಳೆಯ ಸಾಧನ. ಚೌಕಾಬಾರದಲ್ಲಿ ಐದೈದು ಮನೆಗಳ ಚೌಕವಿರುತ್ತದೆ. ನಾಲ್ಕು ಕವಡೆಗಳೂ ಒಂದು ಬಗೆಯಾಗಿ ಬಿದ್ದರೆ ನಾಲ್ಕು, ಇನ್ನೊಂದು ಬಗೆಯಾಗಿ ಬಿದ್ದರೆ ಎಂಟು. ಆಗ ಮತ್ತೊಮ್ಮೆ ಹಾಕುವ ಅವಕಾಶ. ಇಲ್ಲಿ ಅದೃಷ್ಟದ ಪಾಲೂ ಉಂಟು, ಯುಕ್ತಿಯ ಪಾಲೂ ಉಂಟು.

ಹುಲಿಕುರಿಯಾಟವು ಇನ್ನೂ ಅರ್ಥಗರ್ಭಿತವಾದುದು. ಹುಲಿಗಳು ಕೆಲವೇ, ಕುರಿಗಳು ಹಲವು. ಹುಲಿಯು ಹಾರಿ ಕುರಿಯನ್ನು ಕೊಲ್ಲಬಲ್ಲದು. ಕುರಿಗೆ ಹಾರುವ ಶಕ್ತಿಯಿಲ್ಲ. ಆದರೆ ಕುರಿಗಳು ಒಂದರ ಬೆನ್ನಿಗೊಂದು ನಿಂತು ತೆರಪು ಕೊಡದಿದ್ದರೆ ಹುಲಿಗೆ ಚಲಿಸಲು ದಾರಿಯೇ ಉಳಿಯುವುದಿಲ್ಲ. ದುರ್ಬಲರು ಒಗ್ಗಟ್ಟಾದರೆ ಬಲಿಷ್ಠನನ್ನು ಕಟ್ಟಿಹಾಕಬಹುದೆಂಬುದನ್ನು ಈ ಆಟವು ಉಪದೇಶವಿಲ್ಲದೆಯೇ ಕಲಿಸುತ್ತದೆ.

ರಂಗಕಲೆಯ ಹವ್ಯಾಸ

ಕನ್ನಡದಲ್ಲಿ ‘ಹವ್ಯಾಸಿ’ ಎಂಬ ಶಬ್ದವು ಅತ್ಯಂತ ಗೌರವದಿಂದ ಬಳಕೆಯಾಗುವುದು ರಂಗಭೂಮಿಯಲ್ಲಿ. ಭೂಗರ್ಭಶಾಸ್ತ್ರವನ್ನು ಓದಿದ್ದ ಟಿ.ಪಿ. ಕೈಲಾಸಂ ಅವರು ಹವ್ಯಾಸಿ ರಂಗಭೂಮಿಗೆ ಕೊಟ್ಟ ಕಾಣಿಕೆ ಸರ್ವವಿದಿತ. ಹಳ್ಳಿಗಳಲ್ಲಿಯೂ ಈ ಹವ್ಯಾಸವು ಬೇರೂರಿದೆ. ಸುಗ್ಗಿ ಮುಗಿದ ಮೇಲೆ ಭಜನೆ, ಕೋಲಾಟ, ಬಯಲಾಟಗಳು ಆರಂಭವಾಗುತ್ತವೆ. ಹಾರ್ಮೋನಿಯಂ ಮೇಷ್ಟರನ್ನು ಕರೆಸಿ, ರಾತ್ರಿಯ ವೇಳೆ ತಿಂಗಳುಗಟ್ಟಲೆ ತಾಲೀಮು ಮಾಡಿ, ಜಾತ್ರೆಯ ದಿನ ಕುರುಕ್ಷೇತ್ರದಂತಹ ಪೌರಾಣಿಕ ನಾಟಕವನ್ನು ಆಡುವುದುಂಟು. ಹಗಲು ನೇಗಿಲು ಹಿಡಿದವನು ರಾತ್ರಿ ದುರ್ಯೋಧನನಾಗಿ ಕಂದಪದ್ಯಗಳನ್ನು ಹಾಡುತ್ತಾನೆ. ಅಕ್ಷರ ಬಾರದವರು ಕೂಡ ಕೇಳಿ ಕೇಳಿ ನೂರಾರು ಪದ್ಯಗಳನ್ನು ಕಂಠಪಾಠ ಮಾಡಿಕೊಳ್ಳುತ್ತಾರೆ. ಸೀನರಿ, ಉಡುಪು, ದೀಪಗಳಿಗಾಗಿ ಪಾತ್ರಧಾರಿಗಳೇ ಹಣ ಹಾಕುವ ರೂಢಿಯಿರುವುದರಿಂದ ಕೆಲವರು ಸಾಲಕ್ಕೆ ಸಿಲುಕುವುದೂ ಉಂಟು. ಕಲೆಯ ಸಂತೋಷವು ಮನೆಯ ಅನ್ನಕ್ಕೆ ಕುಂದು ತರದಂತೆ ನೋಡಿಕೊಳ್ಳುವುದು ವಿವೇಕ.

ಈ ಜಿಲ್ಲೆಯ ಮಠಗಳು ರಂಗಕಲೆಯನ್ನು ಲೋಕಶಿಕ್ಷಣದ ಸಾಧನವಾಗಿ ಬಳಸಿಕೊಂಡುವು. ಸಿರಿಗೆರೆಯ ತರಳಬಾಳು ಜಗದ್ಗುರು ಲಿಂಗೈಕ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರು ‘ಮರಣವೇ ಮಹಾನವಮಿ’, ‘ವಿಶ್ವಬಂಧು ಮರುಳಸಿದ್ಧ’ ಮುಂತಾದ ನಾಟಕಗಳನ್ನು ಸ್ವತಃ ರಚಿಸಿ ಶರಣರ ಬಾಳನ್ನು ಜನರ ಕಣ್ಣಮುಂದೆ ತಂದರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರ ನೇತೃತ್ವದಲ್ಲಿ 1987ರಲ್ಲಿ ಶ್ರೀ ಶಿವಕುಮಾರ ಕಲಾಸಂಘವು ಸ್ಥಾಪಿತವಾಯಿತು. 1997ರಲ್ಲಿ ‘ಶಿವಸಂಚಾರ’ವೆಂಬ ತಿರುಗಾಟದ ನಾಟಕ ತಂಡವು ಹುಟ್ಟಿಕೊಂಡು ನಾಡಿನ ಊರೂರುಗಳಲ್ಲಿ ನಾಟಕಗಳನ್ನು ಪ್ರದರ್ಶಿಸತೊಡಗಿತು. ಸಣ್ಣ ಹಳ್ಳಿಯೊಂದು ನಾಡಿನ ರಂಗಾಸಕ್ತರೆಲ್ಲರ ಯಾತ್ರಾಸ್ಥಳವಾದುದು ಜಿಲ್ಲೆಗೆ ಹೆಮ್ಮೆಯ ಸಂಗತಿ.

ಸಂಗ್ರಹದ ಹವ್ಯಾಸ

ವಿದ್ಯಾರ್ಥಿಗಳಿಗೆ ಅತ್ಯಂತ ಪ್ರಿಯವಾದ ಹವ್ಯಾಸಗಳಲ್ಲಿ ಅಂಚೆಚೀಟಿ ಮತ್ತು ನಾಣ್ಯಗಳ ಸಂಗ್ರಹ ಮುಖ್ಯವಾದುದು. ಜಗತ್ತಿನ ಮೊದಲ ಅಂಚೆಚೀಟಿಯಾದ ‘ಪೆನ್ನಿ ಬ್ಲ್ಯಾಕ್’ 1840ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದಿತು. ಭಾರತದ ನೆಲದಲ್ಲಿ ‘ಸಿಂಧ್ ಡಾಕ್’ ಚೀಟಿಗಳು 1852ರಲ್ಲಿ ಬಂದುವು. ಸ್ವತಂತ್ರ ಭಾರತದ ಪ್ರಥಮ ಅಂಚೆಚೀಟಿ 1947ರ ನವೆಂಬರ್ 21ರಂದು ರಾಷ್ಟ್ರಧ್ವಜದ ಚಿತ್ರದೊಡನೆ ಬಿಡುಗಡೆಯಾಯಿತು. 1967ರಲ್ಲಿ ಬಸವೇಶ್ವರರ ಸ್ಮರಣಾರ್ಥ ಅಂಚೆಚೀಟಿಯೂ, 2006ರಲ್ಲಿ ಅವರ ಚಿತ್ರವುಳ್ಳ ಐದು ರೂಪಾಯಿಯ ನಾಣ್ಯವೂ ಬಂದುವು. ಚೀಟಿಗಳನ್ನು ಡಬ್ಬಿಯಲ್ಲಿ ತುಂಬಿಡುವುದು ಸಂಗ್ರಹವಲ್ಲ. ಲಕೋಟೆಯ ಮೇಲಿನ ಚೀಟಿಯನ್ನು ಕಿತ್ತು ಹರಿಯದೆ, ಕಾಗದದ ಚೂರಿನೊಡನೆ ಕತ್ತರಿಸಿ, ನೀರಿನಲ್ಲಿ ನೆನೆಸಿ ಬಿಡಿಸಿ, ನೆರಳಿನಲ್ಲಿ ಒಣಗಿಸಿ, ವಿಷಯಾನುಸಾರವಾಗಿ ಜೋಡಿಸಿ, ಪ್ರತಿಯೊಂದರ ವರ್ಷವನ್ನೂ ಸಂದರ್ಭವನ್ನೂ ಬರೆದಿಡಬೇಕು. ಆಗ ಅದು ಇತಿಹಾಸ ಮತ್ತು ಭೂಗೋಳದ ಪುಸ್ತಕವಾಗುತ್ತದೆ.

ನಾಣ್ಯಗಳ ವಿಷಯದಲ್ಲಿ ಚಿತ್ರದುರ್ಗದ ಮಕ್ಕಳು ಭಾಗ್ಯವಂತರು. ದುರ್ಗದ ಬೆಟ್ಟದ ಮಗ್ಗುಲಲ್ಲಿರುವ ಚಂದ್ರವಳ್ಳಿಯಲ್ಲಿ ಡಾ. ಎಂ.ಎಚ್. ಕೃಷ್ಣ ಅವರು 1929ರಲ್ಲಿಯೂ, ಮಾರ್ಟಿಮರ್ ವೀಲರ್ ಅವರು 1947ರಲ್ಲಿಯೂ ಉತ್ಖನನ ನಡೆಸಿದರು. ಶಾತವಾಹನರ ಕಾಲದ ನಾಣ್ಯಗಳೂ ರೋಮ್ ಸಾಮ್ರಾಜ್ಯದ ಬೆಳ್ಳಿಯ ನಾಣ್ಯಗಳೂ ಅಲ್ಲಿ ದೊರೆತುವು. ಎರಡು ಸಾವಿರ ವರ್ಷಗಳ ಹಿಂದೆ ಈ ಬರದ ನಾಡು ಸಮುದ್ರದಾಚೆಯ ದೇಶದೊಡನೆ ವ್ಯಾಪಾರದ ನಂಟು ಹೊಂದಿತ್ತೆಂಬುದಕ್ಕೆ ಆ ಬಿಲ್ಲೆಗಳೇ ಸಾಕ್ಷಿ. ಕದಂಬ ಮಯೂರಶರ್ಮನ ಶಾಸನವೂ ಅಲ್ಲಿಯೇ ಇದೆ. ಬಿ.ಎಲ್. ರೈಸ್ ಅವರು 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೊಂದನೆಯ ಸಂಪುಟವು ಈ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. ತಮ್ಮ ಊರಿನ ವೀರಗಲ್ಲು, ಮಾಸ್ತಿಕಲ್ಲುಗಳು ಎಲ್ಲೆಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದು ಚಿತ್ರಿಸಿಡುವುದು ಯಾವ ವಿದ್ಯಾರ್ಥಿಗಾದರೂ ಸಾಧ್ಯವಾದ ಹವ್ಯಾಸ.

ಈ ಹವ್ಯಾಸಕ್ಕೆ ಕಟ್ಟುಪಾಡುಗಳುಂಟು. ನೆಲದಲ್ಲಿ ದೊರೆತ ನಿಧಿಯನ್ನು ಅಧಿಕಾರಿಗಳಿಗೆ ತಿಳಿಸಬೇಕೆಂದು 1878ರ ಕಾಯಿದೆಯೇ ವಿಧಿಸಿದೆ. ಪ್ರಾಚೀನ ವಸ್ತುಗಳ ರಕ್ಷಣೆಗಾಗಿ 1972ರ ಕಾಯಿದೆಯಿದೆ. ಹಳೆಯ ವಸ್ತುವನ್ನು ಅದಿದ್ದ ಸ್ಥಳದಿಂದ ಕಿತ್ತು ತಂದರೆ ಅದರ ಅರ್ಧ ಕಥೆ ಅಲ್ಲಿಯೇ ನಾಶವಾಗುತ್ತದೆ. ನಿಧಿಯ ಆಸೆಗೆ ಗುಡಿಗಳ ಬುಡವನ್ನು ಅಗೆಯುವವರೂ ‘ಹಳೆಯದನ್ನು ಹುಡುಕುವವರು’ ಎಂದೇ ಹೇಳಿಕೊಳ್ಳಬಹುದು. ಹವ್ಯಾಸಿಯು ನೋಡಿ ಬರೆದುಕೊಳ್ಳುತ್ತಾನೆ. ದುರಾಸೆಯವನು ಕಿತ್ತುಕೊಂಡು ಹೋಗುತ್ತಾನೆ. ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದ ಮಾರಯ್ಯನು ಒಂದು ದಿನ ಹೆಚ್ಚಾಗಿ ಆಯ್ದು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಪತ್ನಿ ಲಕ್ಕಮ್ಮನು ಹೇಳಿದ ಕಥೆಯನ್ನು ಸಂಗ್ರಹಪ್ರಿಯರೆಲ್ಲರೂ ನೆನೆಯಬೇಕು.

ಪ್ರಕೃತಿಯ ವೀಕ್ಷಣೆ

ಹಕ್ಕಿಗಳನ್ನು ನೋಡುವ ಹವ್ಯಾಸವು ಸಾಲಿಂ ಅಲಿಯವರನ್ನು ಜಗದ್ವಿಖ್ಯಾತ ಪಕ್ಷಿಶಾಸ್ತ್ರಜ್ಞರನ್ನಾಗಿ ಮಾಡಿತು. ಬಾಲಕನಾಗಿದ್ದಾಗ ಅವರು ಗುಬ್ಬಿಯೊಂದನ್ನು ಹೊಡೆದುರುಳಿಸಿದರು. ಅದರ ಕೊರಳಿನಲ್ಲಿ ಹಳದಿಯ ಗುರುತು ಕಂಡು, ಅದು ಯಾವ ಜಾತಿಯದೆಂದು ಕೇಳಲು ಬೊಂಬಾಯಿಯ ಪ್ರಕೃತಿ ಇತಿಹಾಸ ಸಂಘಕ್ಕೆ ಹೋದರು. ಅಲ್ಲಿ ಹುಟ್ಟಿದ ಕುತೂಹಲವು ಅವರ ಬಾಳನ್ನೇ ಬದಲಿಸಿತು. 1939-40ರಲ್ಲಿ ಅವರು ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನೂ ನಡೆಸಿದರು. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಹಕ್ಕಿಗಳ ಛಾಯಾಚಿತ್ರಗಳನ್ನು ತೆಗೆದು ಅವುಗಳ ಬಗೆಗೆ ಬರೆದರು.

ಹೊಳಲ್ಕೆರೆ, ಬಿ.ದುರ್ಗಗಳ ಕಡೆಯ ಅಡಕೆ ತೋಟಗಳಲ್ಲಿ, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಲ್ಲಿ, ಹಿರಿಯೂರಿನ ವಾಣೀವಿಲಾಸ ಸಾಗರದಲ್ಲಿ, ಚಿತ್ರದುರ್ಗದ ಜೋಗಿಮಟ್ಟಿಯ ಕಾಡಿನಲ್ಲಿ ಹಕ್ಕಿಗಳ ವೀಕ್ಷಣೆಗೆ ಅವಕಾಶ ಬಹಳ. ಕವಣೆಯನ್ನು ಕೆಳಗಿಟ್ಟು ಕಣ್ಣನ್ನು ಬಳಸಬೇಕು, ಅಷ್ಟೆ. ಗಿಣಿ ಮೊದಲಾದ ಕಾಡುಹಕ್ಕಿಗಳನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ.

ಮಳೆಯನ್ನು ಅಳೆಯುವುದೂ ಒಂದು ಸೊಗಸಾದ ಹವ್ಯಾಸ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿಯೊಂದನ್ನು ಬಯಲಿನಲ್ಲಿಟ್ಟು, ಪ್ರತಿದಿನ ಬೆಳಗ್ಗೆ ಎಂಟೂವರೆಗೆ ಅದರಲ್ಲಿನ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಟ್ಟರೆ ವರ್ಷದ ಕೊನೆಗೆ ಊರಿನ ಮಳೆಯ ಲೆಕ್ಕ ಸಿದ್ಧವಾಗುತ್ತದೆ. ಒಂದು ಚದರ ಮೀಟರು ಜಾಗದಲ್ಲಿ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಐವತ್ತು ಚದರ ಮೀಟರಿನ ಮಾಳಿಗೆಯ ಮೇಲೆ ಇಪ್ಪತ್ತು ಮಿಲಿಮೀಟರು ಮಳೆ ಬಿದ್ದರೆ ಸಾವಿರ ಲೀಟರು ನೀರು ಹರಿದುಹೋಗುತ್ತದೆ. 1907ರಲ್ಲಿ ಪೂರ್ಣಗೊಂಡ ವಾಣೀವಿಲಾಸ ಸಾಗರವು 1933ರ ಬಳಿಕ ಮತ್ತೆ ತುಂಬಿ ಕೋಡಿ ಬಿದ್ದುದು 2022ರಲ್ಲಿ. ಇಂತಹ ಸೀಮೆಯಲ್ಲಿ ಮಳೆಯ ಲೆಕ್ಕವನ್ನು ಬಲ್ಲ ಬಾಲಕನು ನಾಳೆ ಒಳ್ಳೆಯ ರೈತನಾಗುತ್ತಾನೆ. ಬಚ್ಚಲ ನೀರನ್ನು ಹರಿಸಿ ನುಗ್ಗೆ, ಕರಿಬೇವು, ಸೊಪ್ಪುಗಳ ಕೈತೋಟವನ್ನು ಬೆಳೆಸುವುದೂ ಮನೆಗೆ ಉಪಕಾರಿಯಾದ ಹವ್ಯಾಸವೇ ಆಗಿದೆ.

ಓದು ಮತ್ತು ಬರಹ

ಹವ್ಯಾಸವೊಂದು ನಾಡಿನ ಭಾಗ್ಯವನ್ನೇ ತೆರೆಯಬಲ್ಲದೆಂಬುದಕ್ಕೆ ಡಾ. ಫ.ಗು. ಹಳಕಟ್ಟಿಯವರ (1880-1964) ಬಾಳೇ ನಿದರ್ಶನ. ವಿಜಾಪುರದಲ್ಲಿ ವಕೀಲಿ ವೃತ್ತಿ ಮಾಡುತ್ತಿದ್ದ ಅವರು ತಾಳೆಗರಿಯ ಕಟ್ಟುಗಳನ್ನು ಹುಡುಕುತ್ತ ಮನೆಮನೆಗಳನ್ನೂ ಮಠಗಳನ್ನೂ ಅಲೆದರು. ದೊರೆತುದನ್ನು ಓದಿ, ಪ್ರತಿ ಮಾಡಿ, ಹೋಲಿಸಿ ನೋಡಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಪ್ರಕಟವಾಯಿತು. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಬಿಡುವಿನಲ್ಲಿ ಮೊದಲಾದ ಕೆಲಸವು ಕ್ರಮೇಣ ಅವರ ವೃತ್ತಿಯನ್ನೇ ಹಿಂದಿಕ್ಕಿ ಬಾಳಿನ ವ್ರತವಾಯಿತು. ವಚನ ಪಿತಾಮಹರೆಂದು ನಾಡು ಅವರನ್ನು ಗೌರವಿಸಿತು. ಗರಿಗಳಲ್ಲಿ ಹುಳು ಹಿಡಿದು ಹೋಗುತ್ತಿದ್ದ ಶರಣರ ಮಾತುಗಳು ಇಂದು ಶಾಲೆಯ ಮಕ್ಕಳ ಬಾಯಲ್ಲಿ ನಲಿಯುತ್ತಿದ್ದರೆ ಅದಕ್ಕೆ ಒಬ್ಬ ವಕೀಲರ ಬಿಡುವಿನ ವೇಳೆ ಕಾರಣ.

ಮೈಸೂರು ಸರ್ಕಾರದ ಅಧಿಕಾರಿಯಾಗಿ ಊರೂರು ತಿರುಗುತ್ತಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಕಚೇರಿಯ ಕೆಲಸದ ನಡುವೆಯೇ ಸಣ್ಣ ಕಥೆಗಳನ್ನು ಬರೆದರು. 1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಅವರ ‘ಚಿಕವೀರ ರಾಜೇಂದ್ರ’ಕ್ಕೆ ಸಂದಿತು. ಸಿರಿಗೆರೆಯ ಲಿಂಗೈಕ್ಯ ಶ್ರೀಗಳವರ ದಿನಚರಿಯ ಬರಹಗಳು ‘ಆತ್ಮನಿವೇದನೆ’ ಎಂಬ ಗ್ರಂಥವಾಗಿವೆ. ಎಲ್ಲರೂ ಗ್ರಂಥಕರ್ತರಾಗಬೇಕೆಂಬುದಿಲ್ಲ. ದಿನಕ್ಕೆ ಅರ್ಧ ಪುಟದ ದಿನಚರಿ, ವಾರಕ್ಕೆ ಒಂದು ಪುಸ್ತಕದ ಓದು, ಇವಿಷ್ಟೇ ಸಾಕು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಇದಕ್ಕಾಗಿಯೇ ಇವೆ.

ವ್ಯಸನದ ಅಪಾಯ

ಇಂದು ಬಿಡುವನ್ನು ಕಬಳಿಸುವ ಸಾಧನವು ಎಲ್ಲರ ಅಂಗೈಯಲ್ಲಿದೆ. ಮೊಬೈಲು ಫೋನು ಸ್ವತಃ ಕೆಟ್ಟದ್ದಲ್ಲ. ಹಕ್ಕಿಯ ಕೂಗನ್ನು ಗುರುತಿಸಲು, ವಚನವೊಂದರ ಪಾಠವನ್ನು ಹುಡುಕಲು ಅದು ನೆರವಾಗುತ್ತದೆ. ಆದರೆ ಒಂದಾದ ಮೇಲೊಂದರಂತೆ ಬರುವ ಚಿತ್ರಗಳನ್ನು ಬೆರಳಿನಿಂದ ಸರಿಸುತ್ತ ಕುಳಿತವನು ಎರಡು ಗಂಟೆಗಳ ಬಳಿಕ ಏನು ನೋಡಿದನೆಂದು ಕೇಳಿದರೆ ಹೇಳಲಾರನು. ಇದಕ್ಕಿಂತ ಘೋರವಾದುದು ಹಣ ಕಟ್ಟಿ ಆಡುವ ಆಟ. ಕ್ರಿಕೆಟ್ ಪಂದ್ಯದ ಬಾಜಿ, ಇಸ್ಪೀಟು, ಮೊಬೈಲಿನ ಜೂಜುಗಳಿಂದ ಹೊಲಮನೆಗಳನ್ನು ಕಳೆದುಕೊಂಡ ಕುಟುಂಬಗಳುಂಟು. 2025ರಲ್ಲಿ ಭಾರತದ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಬೇಕಾಯಿತೆಂದರೆ ಪಿಡುಗಿನ ಪ್ರಮಾಣವನ್ನು ಊಹಿಸಬಹುದು.

ಹವ್ಯಾಸವನ್ನು ವ್ಯಸನದಿಂದ ಬೇರ್ಪಡಿಸಲು ಮೂರು ಪ್ರಶ್ನೆಗಳು ಸಾಕು. ಅದನ್ನು ಬೇಕಾದಾಗ ನಿಲ್ಲಿಸಲು ಸಾಧ್ಯವೇ? ಅದರಿಂದ ಕೈಗಾಗಲಿ ಕಣ್ಣಿಗಾಗಲಿ ಬುದ್ಧಿಗಾಗಲಿ ಹೊಸದೊಂದು ಬಲ ಬಂದಿತೇ? ಅದನ್ನು ಮನೆಯ ಹಿರಿಯರ ಮುಂದೆ ಸಂಕೋಚವಿಲ್ಲದೆ ಹೇಳಿಕೊಳ್ಳಬಹುದೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಅದು ಹವ್ಯಾಸ.

ಹೆಣ್ಣುಮಕ್ಕಳ ಬಿಡುವು

ಹವ್ಯಾಸಗಳ ಪಟ್ಟಿ ಎಷ್ಟೇ ಉದ್ದವಾಗಿದ್ದರೂ ಬಿಡುವೇ ಇಲ್ಲದವರಿಗೆ ಅದರಿಂದೇನು ಫಲ? 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು ದೇಶದ ಜನರು ದಿನವನ್ನು ಹೇಗೆ ಕಳೆಯುತ್ತಾರೆಂಬುದರ ಸಮೀಕ್ಷೆ ನಡೆಸಿತು. ಆರು ವರ್ಷ ಮೇಲ್ಪಟ್ಟವರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ನೂರಕ್ಕೆ ಎಂಬತ್ತೊಂದು. ಗಂಡಸರು ನೂರಕ್ಕೆ ಇಪ್ಪತ್ತಾರು. ಹಾಗೆ ಕೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಗಂಡಸರು 97 ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸುತ್ತಾರೆ. ಅಂದರೆ ಹೆಂಗಸರ ದಿನದಲ್ಲಿ ಸುಮಾರು ಐದು ಗಂಟೆಗಳು ಅಡುಗೆ, ಮುಸುರೆ, ನೀರು, ಕಸಗಳಿಗೆ ಸಲ್ಲುತ್ತವೆ.

ಶಾಲೆಯಿಂದ ಬಂದ ಹುಡುಗನು ಚೀಲವನ್ನಿಟ್ಟು ಬಯಲಿಗೆ ಓಡುತ್ತಾನೆ. ಅದೇ ಶಾಲೆಯಿಂದ ಬಂದ ಅವನ ಅಕ್ಕನು ಚೀಲವನ್ನಿಟ್ಟು ಕೊಡವನ್ನು ಎತ್ತಿಕೊಳ್ಳುತ್ತಾಳೆ. ಹುಡುಗಿಯರ ಹವ್ಯಾಸವೇನೆಂದು ಕೇಳಿದರೆ ರಂಗೋಲಿ, ಕಸೂತಿ, ಹೂ ಕಟ್ಟುವುದು ಎಂದು ಹೇಳುವುದು ವಾಡಿಕೆ. ಅವು ಸುಂದರವಾದ ಕಲೆಗಳೇನೋ ಹೌದು. ಆದರೆ ಅವು ಮನೆಯ ಕೆಲಸದೊಳಗೇ ಹೊಂದಿಕೊಳ್ಳುವಂತಹವು. ಬಯಲಿಗೆ, ಬೆಟ್ಟಕ್ಕೆ, ಗ್ರಂಥಾಲಯಕ್ಕೆ ಹೋಗುವ ವೇಳೆ ಅವಳಿಗೆ ದೊರೆಯದಿರುವುದೂ ಅದಕ್ಕೆ ಕಾರಣವಲ್ಲವೇ?

ಹನ್ನೆರಡನೆಯ ಶತಮಾನದಲ್ಲಿ ಮೂವತ್ತಕ್ಕೂ ಮಿಕ್ಕ ಶರಣೆಯರು ವಚನಗಳನ್ನು ರಚಿಸಿದರು. ಅನುಭವದ ಗೋಷ್ಠಿಯಲ್ಲಿ ಅವರಿಗೆ ಕುಳಿತುಕೊಳ್ಳುವ ಎಡೆಯೂ ಕುಳಿತುಕೊಳ್ಳುವಷ್ಟು ಹೊತ್ತೂ ದೊರೆತುದರಿಂದ ಅದು ಸಾಧ್ಯವಾಯಿತು. ಶರಣರ ಹೆಸರು ಹೇಳುವ ಮನೆಗಳಲ್ಲಿ ಹೆಣ್ಣುಮಗುವಿಗೆ ಸಂಜೆಯ ಒಂದು ಗಂಟೆ ದೊರೆಯದಿದ್ದರೆ ಆ ಪರಂಪರೆಗೆ ಗೌರವ ತೋರಿದಂತಾಗದು. ಕಾಯಕದಲ್ಲಿ ಮೇಲುಕೀಳಿಲ್ಲವೆಂದ ಮೇಲೆ ಪಾತ್ರೆ ತೊಳೆಯುವ ಕಾಯಕ ಹುಡುಗನಿಗೆ ಕೀಳಾಗುವುದು ಹೇಗೆ? ಅಣ್ಣನು ಅರ್ಧ ಗಂಟೆ ನೀರು ಸೇದಿದರೆ ತಂಗಿಗೆ ಅರ್ಧ ಗಂಟೆಯ ಬಿಡುವು ಲಭಿಸುತ್ತದೆ. ಹವ್ಯಾಸಗಳ ವಿಷಯವಾಗಿ ಪ್ರತಿ ಮನೆಯಲ್ಲಿಯೂ ಮೊದಲು ಆಗಬೇಕಾದ ಸುಧಾರಣೆ ಇದೇ.

ಉಪಸಂಹಾರ

ಹವ್ಯಾಸಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಹುಣಸೆಬೀಜ, ಖಾಲಿ ಡಬ್ಬಿ, ಹಳೆಯ ಲಕೋಟೆ, ಒಂದು ನೋಟುಪುಸ್ತಕ, ಇವು ಬಡವರ ಮನೆಯಲ್ಲಿಯೂ ದೊರೆಯುತ್ತವೆ. ಬೇಕಾದುದು ಒಂದನ್ನು ಆರಿಸಿಕೊಂಡು ಬಿಡದೆ ನಡೆಸುವ ನಿಷ್ಠೆ. ಹತ್ತು ಹವ್ಯಾಸಗಳನ್ನು ಹಿಡಿದು ಹತ್ತನ್ನೂ ಬಿಡುವುದಕ್ಕಿಂತ ಒಂದನ್ನು ಹಿಡಿದು ಹತ್ತು ವರ್ಷ ಸಾಕುವುದು ಲೇಸು. ಕಾಯಕದಲ್ಲಿ ಶ್ರದ್ಧೆ, ಬಿಡುವಿನಲ್ಲಿ ಸಂತೋಷ, ಆ ಬಿಡುವನ್ನು ಮನೆಯ ಎಲ್ಲರೊಡನೆ ಹಂಚಿಕೊಳ್ಳುವ ಔದಾರ್ಯ, ಇವು ಮೂರೂ ಕೂಡಿದ ಮನೆಯ ಮಕ್ಕಳು ಓದಿನಲ್ಲಿಯೂ ಬಾಳಿನಲ್ಲಿಯೂ ಹಿಂದುಳಿಯಲಾರರು. ವಿದ್ಯಾರ್ಥಿಗಳು ಈ ರಜೆಯಲ್ಲಿಯೇ ತಮಗೊಪ್ಪುವ ಒಂದು ಹವ್ಯಾಸವನ್ನು ಆರಿಸಿಕೊಳ್ಳಲಿ. ತಮ್ಮ ಅಕ್ಕತಂಗಿಯರಿಗೂ ಒಂದನ್ನು ಆರಿಸಿಕೊಳ್ಳುವ ವೇಳೆಯನ್ನು ಒದಗಿಸಿಕೊಡಲಿ.